ವ್ಯಸನವಿಮೋಚನೆ: ವೈದ್ಯವೂ ಅಧ್ಯಾತ್ಮವೂ

‘ವ್ಯಸನ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ದುಃಖವೆಂಬುದು ಒಂದು, ಬಿಡಬೇಕೆಂದರೂ ಬಿಡಲಾಗದ ಚಟವೆಂಬುದು ಇನ್ನೊಂದು. ‘ವ್ಯಸನಪಡು’ ಎಂದರೆ ಕೊರಗುವುದು. ‘ವ್ಯಸನಕ್ಕೆ ಬೀಳು’ ಎಂದರೆ ಚಟಕ್ಕೆ ವಶನಾಗುವುದು. ಸಂಸ್ಕೃತದಲ್ಲಿ ‘ಅಸ್’ ಧಾತುವಿಗೆ ಎಸೆಯುವುದೆಂಬ ಅರ್ಥವುಂಟು. ಮನುಷ್ಯನನ್ನು ಅವನ ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವುದು ಯಾವುದೋ ಅದೇ ವ್ಯಸನವೆಂದು ಕೌಟಿಲ್ಯನು ಅರ್ಥಶಾಸ್ತ್ರದ ಎಂಟನೆಯ ಅಧಿಕರಣದಲ್ಲಿ ನಿರ್ವಚಿಸಿದ್ದಾನೆ. ಕಾಮಜನ್ಯವಾದ ನಾಲ್ಕು ವ್ಯಸನಗಳಲ್ಲಿ ಪಾನವನ್ನೂ ಎಣಿಸಿದ್ದಾನೆ. ಒಂದೇ ಶಬ್ದ ದುಃಖವನ್ನೂ ಚಟವನ್ನೂ ಹೇಳುವುದು ಭಾಷೆಯ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಕುಡಿತದ ಬುಡದಲ್ಲಿ ಕೊರಗಿರುತ್ತದೆ, ಕುಡಿತದ ತುದಿಯಲ್ಲಿಯೂ ಕೊರಗೇ ಇರುತ್ತದೆ ಎಂಬ ಅನುಭವ ಆ ಪದದೊಳಗೆ ಹುದುಗಿದೆ.

ಈ ಕೊರಗಿಗೆ ಮದ್ದು ಯಾರು ಕೊಡಬೇಕು? ವೈದ್ಯನೋ, ಗುರುವೋ? ಪಾನವ್ಯಸನವು ಪಾಪವೆಂದು ಧರ್ಮೋಪದೇಶಕರೂ, ರೋಗವೆಂದು ವೈದ್ಯರೂ, ಅಪರಾಧವೆಂದು ಸರಕಾರಗಳೂ ಬೇರೆಬೇರೆಯಾಗಿ ಹೇಳುತ್ತ ಬಂದಿದ್ದಾರೆ. ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಗೆ ಒಂದು ಅನಿರೀಕ್ಷಿತವಾದ ಉತ್ತರ ದೊರೆತದ್ದು ಅಮೆರಿಕೆಯಲ್ಲಿ. ಅದೂ ವೈದ್ಯನಿಂದಲ್ಲ, ಗುರುವಿನಿಂದಲ್ಲ, ಇಬ್ಬರು ಕುಡುಕರಿಂದ. ಆ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡುವುದು ಉಚಿತ. ಏಕೆಂದರೆ ಇಂದು ‘ಆಧ್ಯಾತ್ಮಿಕ ಚಿಕಿತ್ಸೆ’ ಎಂಬ ಹೆಸರಿನಲ್ಲಿ ನಡೆಯುವ ಅನೇಕ ಪ್ರಯತ್ನಗಳ ಮೂಲ ಅಲ್ಲಿದೆ. ಅವುಗಳ ಬಲವೂ ಮಿತಿಯೂ ಅಲ್ಲಿಯೇ ಸ್ಪಷ್ಟವಾಗಿ ಕಾಣುತ್ತವೆ.

ರೋಲಂಡ್ ಹಜಾರ್ಡ್ ಎಂಬ ಸಿರಿವಂತ ಅಮೆರಿಕನ್ ಉದ್ಯಮಿ ಕುಡಿತದಿಂದ ಜರ್ಜರಿತನಾಗಿ ಸ್ವಿಟ್ಜರ್ಲೆಂಡಿಗೆ ಹೋಗಿ ಮನೋವಿಜ್ಞಾನಿ ಕಾರ್ಲ್ ಯೂಂಗ್ ಅವರಿಂದ ಚಿಕಿತ್ಸೆ ಪಡೆದನು. ಗುಣವಾಯಿತೆಂದು ಹೊರಟವನು ಮತ್ತೆ ಕುಡಿದು ಮರಳಿ ಬಂದನು. ಆಗ ಯೂಂಗ್ ಅವರು ವೈದ್ಯರು ಸಾಮಾನ್ಯವಾಗಿ ಆಡದ ಮಾತನ್ನು ಆಡಿದರು. ವೈದ್ಯಶಾಸ್ತ್ರವಾಗಲಿ ಮನಶ್ಶಾಸ್ತ್ರವಾಗಲಿ ಅವನಿಗೆ ಇನ್ನು ಏನನ್ನೂ ಮಾಡಲಾರದು. ಅಪರೂಪಕ್ಕೆ ಕೆಲವರು ಗಾಢವಾದ ಆಧ್ಯಾತ್ಮಿಕ ಅನುಭವದಿಂದ ಚೇತರಿಸಿಕೊಂಡದ್ದುಂಟು. ಅಂತಹ ಅನುಭವ ಉಂಟಾಗಬಹುದಾದ ಕಡೆ ಹೋಗಿ ನೋಡುವುದೊಂದೇ ಉಳಿದ ದಾರಿ ಎಂದರು. ತನ್ನ ವಿದ್ಯೆಯ ಎಲ್ಲೆಯನ್ನು ರೋಗಿಯ ಮುಂದೆ ಒಪ್ಪಿಕೊಳ್ಳುವುದಕ್ಕೆ ದೊಡ್ಡ ವಿದ್ವಾಂಸನೇ ಬೇಕು.

ಹಜಾರ್ಡ್ ಆ ಕಾಲದಲ್ಲಿ ಪ್ರಬಲವಾಗಿದ್ದ ‘ಆಕ್ಸ್‌ಫರ್ಡ್ ಗ್ರೂಪ್’ ಎಂಬ ಕ್ರೈಸ್ತ ಬಳಗವನ್ನು ಸೇರಿದನು. ಫ್ರಾಂಕ್ ಬುಕ್‌ಮನ್ ಎಂಬ ಪಾದ್ರಿಯಿಂದ ಆರಂಭವಾದ ಈ ಬಳಗದಲ್ಲಿ ಮಂದಿರ, ಪೂಜಾವಿಧಿಗಳಿಗಿಂತ ಸಣ್ಣ ಗೋಷ್ಠಿಗಳಿಗೆ ಪ್ರಾಶಸ್ತ್ಯವಿತ್ತು. ತನ್ನ ದೋಷಗಳನ್ನು ಇನ್ನೊಬ್ಬರ ಮುಂದೆ ಬಿಚ್ಚಿಡುವುದು, ನೋಯಿಸಿದವರಿಗೆ ಪರಿಹಾರ ಮಾಡುವುದು, ದೇವರಿಗೆ ಶರಣಾಗುವುದು, ಮೌನದಲ್ಲಿ ಕುಳಿತು ಅಂತರಂಗದ ಮಾತಿಗೆ ಕಿವಿಗೊಡುವುದು ಇವರ ಸಾಧನಗಳು. ಹಜಾರ್ಡನೂ ಅವನ ಸ್ನೇಹಿತರೂ ೧೯೩೪ರಲ್ಲಿ ಎಬಿ ಥ್ಯಾಚರ್ ಎಂಬ ಮತ್ತೊಬ್ಬ ಕುಡುಕನನ್ನು ಬಂಧನದಿಂದ ಬಿಡಿಸಿಕೊಂಡು ಬಂದರು. ಅದೇ ವರ್ಷ ನವೆಂಬರಿನಲ್ಲಿ ಎಬಿಯು ತನ್ನ ಹಳೆಯ ಗೆಳೆಯ ಬಿಲ್ ವಿಲ್ಸನ್‌ನನ್ನು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿದ್ದ ಅವನ ಮನೆಯಲ್ಲಿ ಕಂಡನು. ಮೇಜಿನ ಮೇಲೆ ಮದ್ಯವಿತ್ತು. ಎಬಿ ಮುಟ್ಟಲಿಲ್ಲ. ಬಿಲ್‌ನಿಗೆ ಧರ್ಮವೆಂದರೆ ತಾತ್ಸಾರ. ಆಗ ಎಬಿ ಕೊಟ್ಟ ಸಲಹೆ ಮುಂದೆ ಒಂದು ಮಹಾಸಂಘಕ್ಕೆ ತಳಹದಿಯಾಯಿತು: ಇತರರು ಹೇಳುವ ದೇವರು ಬೇಡವಾದರೆ ಬೇಡ, ನಿನಗೆ ತೋರುವ ದೇವರನ್ನೇ ಆರಿಸಿಕೊ.

ಬಿಲ್ ವಿಲ್ಸನ್ ೧೯೩೪ರ ಡಿಸೆಂಬರ್ ೧೧ರಂದು ಮ್ಯಾನ್‌ಹ್ಯಾಟನ್ನಿನ ಟೌನ್ಸ್ ಆಸ್ಪತ್ರೆಗೆ ಸೇರಿದನು. ಅಲ್ಲಿ ಒಂದು ರಾತ್ರಿ ನಿರಾಶೆಯ ಪಾತಾಳದಲ್ಲಿದ್ದಾಗ ಕೋಣೆಯೆಲ್ಲ ಬೆಳಕಿನಿಂದ ತುಂಬಿದಂತಾಗಿ, ಪರ್ವತಶಿಖರದಲ್ಲಿ ನಿಂತವನ ಮೇಲೆ ಗಾಳಿ ಬೀಸಿದಂತಾಗಿ, ತಾನು ಬಿಡುಗಡೆ ಹೊಂದಿದೆನೆಂಬ ಅರಿವು ಅವನಿಗಾಯಿತು. ಆಗ ಆ ಆಸ್ಪತ್ರೆಯಲ್ಲಿ ಕುಡುಕರಿಗೆ ಬೆಲ್ಲಡೋನ ಎಂಬ ಸಸ್ಯಜನ್ಯ ಔಷಧವನ್ನು ಕೊಡುತ್ತಿದ್ದರು. ಅದು ಭ್ರಮೆಯನ್ನು ಉಂಟುಮಾಡಬಲ್ಲದು. ಆದ್ದರಿಂದ ಆ ಬೆಳಕು ಔಷಧದ ಪರಿಣಾಮವೆಂದು ಕೆಲವರು ತರ್ಕಿಸಿದ್ದಾರೆ. ಬಿಲ್‌ನಿಗೇ ತನಗೆ ಹುಚ್ಚು ಹಿಡಿಯಿತೋ ಎಂಬ ಭಯವಾಗಿತ್ತು. ವೈದ್ಯ ವಿಲಿಯಂ ಸಿಲ್ಕ್‌ವರ್ತ್ ಅವನನ್ನು ಪರೀಕ್ಷಿಸಿ, ಇದು ಹುಚ್ಚಲ್ಲ, ಏನೇ ಆಗಿದ್ದರೂ ಹಿಂದಿನ ಸ್ಥಿತಿಗಿಂತ ಮೇಲು, ಹಿಡಿದುಕೊ ಎಂದು ಧೈರ್ಯ ಹೇಳಿದರು. ಕೆಲದಿನಗಳಲ್ಲಿಯೇ ವಿಲಿಯಂ ಜೇಮ್ಸ್‌ರ ೧೯೦೨ರ ಪ್ರಸಿದ್ಧ ಗ್ರಂಥ ‘ಧಾರ್ಮಿಕ ಅನುಭವದ ವೈವಿಧ್ಯಗಳು’ ಬಿಲ್‌ನ ಕೈಸೇರಿತು. ಅನುಭವದ ಬೆಲೆಯನ್ನು ಅದರ ಮೂಲದಿಂದಲ್ಲ, ಫಲದಿಂದ ಅಳೆಯಬೇಕೆಂಬುದು ಜೇಮ್ಸ್‌ರ ನಿಲುವು. ಶರಣಸಾಹಿತ್ಯವನ್ನು ಓದಿದವರಿಗೆ ಈ ನಿಲುವು ಹೊಸದೆನಿಸದು. ಅನುಭಾವಕ್ಕೆ ಆಚಾರವೇ ಒರೆಗಲ್ಲೆಂಬುದು ವಚನಕಾರರೆಲ್ಲರ ಸಮ್ಮತ. ಕಂಡ ಬೆಳಕು ಎಂಥದೆಂದು ಅವರು ಕೇಳುವುದಿಲ್ಲ, ಕಂಡ ಮೇಲೆ ನಡೆ ಎಂಥದಾಯಿತೆಂದು ಕೇಳುತ್ತಾರೆ. ಬಿಲ್ ವಿಲ್ಸನ್ ಆ ಬಳಿಕ ಮದ್ಯವನ್ನು ಮುಟ್ಟಲಿಲ್ಲ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದು ಒಬ್ಬನ ಪವಾಡವಾಗಿ ಉಳಿಯುತ್ತಿತ್ತು. ಮುಂದಿನ ಐದು ತಿಂಗಳು ಬಿಲ್ ಕಂಡಕಂಡ ಕುಡುಕರಿಗೆಲ್ಲ ತನ್ನ ದರ್ಶನವನ್ನು ಬೋಧಿಸಿದನು. ಒಬ್ಬನೂ ಕುಡಿತ ಬಿಡಲಿಲ್ಲ. ಬೋಧನೆಯನ್ನು ನಿಲ್ಲಿಸು, ಮೊದಲು ರೋಗದ ಭೀಕರತೆಯನ್ನು ಅವರಿಗೆ ತಿಳಿಸು, ದೇವರ ಮಾತು ಆಮೇಲಿರಲಿ ಎಂದು ಸಿಲ್ಕ್‌ವರ್ತ್ ಎಚ್ಚರಿಸಿದರು. ೧೯೩೫ರ ಮೇ ತಿಂಗಳಲ್ಲಿ ವ್ಯವಹಾರಕ್ಕಾಗಿ ಒಹಾಯೋ ಪ್ರಾಂತದ ಆಕ್ರನ್ ನಗರಕ್ಕೆ ಹೋದ ಬಿಲ್ ಅಲ್ಲಿ ಸೋತು, ಕೈ ಖಾಲಿಯಾಗಿ, ಹೋಟೆಲಿನ ಹಜಾರದಲ್ಲಿ ಒಬ್ಬನೇ ನಿಂತಿದ್ದನು. ಒಂದು ಕಡೆ ಪಾನಗೃಹದ ಸದ್ದು, ಇನ್ನೊಂದು ಕಡೆ ದೂರವಾಣಿ. ಕುಡಿಯದೆ ಇರಬೇಕಾದರೆ ಇನ್ನೊಬ್ಬ ಕುಡುಕನೊಡನೆ ಮಾತಾಡಲೇಬೇಕೆಂದು ಅವನಿಗೆ ಹೊಳೆಯಿತು. ಆವರೆಗೆ ಇತರರಿಗೆ ಉಪಕಾರ ಮಾಡಲೆಂದು ಹೊರಡುತ್ತಿದ್ದವನು ಅಂದು ತನ್ನ ಪ್ರಾಣಕ್ಕಾಗಿ ಇನ್ನೊಬ್ಬನನ್ನು ಅರಸಿದನು. ಚರ್ಚುಗಳಿಗೆ ದೂರವಾಣಿ ಮಾಡಿ ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯ ಮೂಲಕ ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನ ಭೇಟಿಯಾಯಿತು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂಡುವುದಿಲ್ಲವೆಂದು ಬಂದಿದ್ದ ವೈದ್ಯ ಆರು ತಾಸಿಗೂ ಮೀರಿ ಮಾತಾಡಿದನು. ಆತನಿಗೆ ಉಪದೇಶ ಹೊಸದಾಗಿರಲಿಲ್ಲ. ಆಕ್ಸ್‌ಫರ್ಡ್ ಗ್ರೂಪಿನ ಗೋಷ್ಠಿಗಳಿಗೆ ಆತನೂ ಹೋಗಿದ್ದನು. ತನ್ನ ಭಾಷೆಯಲ್ಲಿ ಮಾತಾಡುವ, ತನ್ನಂತೆಯೇ ಬೆಂದ ಇನ್ನೊಬ್ಬನನ್ನು ಕಂಡದ್ದು ಮಾತ್ರ ಹೊಸದು. ನಡುವೆ ಒಮ್ಮೆ ಜಾರಿದರೂ ೧೯೩೫ರ ಜೂನ್ ೧೦ರಂದು ಕುಡಿದದ್ದೇ ಅವನ ಕೊನೆಯ ಕುಡಿತ. ಆ ದಿನವನ್ನೇ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಅನಾಮಿಕ ಪಾನವ್ಯಸನಿಗಳ ಸಂಘದ ಜನ್ಮದಿನವೆಂದು ಎಣಿಸುತ್ತಾರೆ.

೧೯೩೯ರಲ್ಲಿ ಸಂಘದ ಹೆಸರನ್ನೇ ಹೊತ್ತ ಪುಸ್ತಕ ಪ್ರಕಟವಾಗಿ, ಹನ್ನೆರಡು ಮೆಟ್ಟಿಲುಗಳ ಸಾಧನಕ್ರಮ ರೂಪುಗೊಂಡಿತು. ಮದ್ಯದ ಮುಂದೆ ತಾನು ಅಸಮರ್ಥನೆಂದು ಒಪ್ಪುವುದು ಮೊದಲ ಮೆಟ್ಟಿಲು. ತನಗಿಂತ ಹಿರಿದಾದ ಶಕ್ತಿಯನ್ನು ನಂಬಿ ಅದಕ್ಕೆ ಒಪ್ಪಿಸಿಕೊಳ್ಳುವುದು, ತನ್ನ ಬಾಳಿನ ಲೆಕ್ಕವನ್ನು ನಿರ್ದಾಕ್ಷಿಣ್ಯವಾಗಿ ಬರೆದು ಇನ್ನೊಬ್ಬರ ಮುಂದೆ ಓದುವುದು, ಕೆಡುಕಾದವರಿಗೆ ತಿದ್ದಿಕೊಡುವುದು, ಪ್ರಾರ್ಥನೆ ಧ್ಯಾನಗಳನ್ನು ನಿತ್ಯವ್ರತವಾಗಿಸುವುದು, ಕೊನೆಗೆ ಇನ್ನೂ ನರಳುತ್ತಿರುವವನ ಬಳಿಗೆ ಹೋಗುವುದು — ಹೀಗೆ ಕ್ರಮ. ಗುಂಪಿನಲ್ಲಿದ್ದ ನಾಸ್ತಿಕರ ಒತ್ತಾಯದಿಂದ, ದೇವರೆಂದರೆ ಅವರವರಿಗೆ ತಿಳಿದ ದೇವರೆಂಬ ವಿಶೇಷಣ ಸೇರಿತು. ಪರಿಪೂರ್ಣ ಶುದ್ಧಿಯನ್ನು ಕೇಳುತ್ತಿದ್ದ ಆಕ್ಸ್‌ಫರ್ಡ್ ಗ್ರೂಪಿನ ಕಠಿಣ ಆದರ್ಶಗಳನ್ನು ಈ ಸಂಘ ಕೈಬಿಟ್ಟಿತು. ಕುಡುಕನಿಗೆ ಇಂದು ಒಂದು ದಿನ ಕುಡಿಯದಿರುವುದೇ ಸಾಕಷ್ಟು ದೊಡ್ಡ ವ್ರತವೆಂದು ಅದು ಅನುಭವದಿಂದ ಕಲಿತಿತ್ತು. ೧೯೪೧ರ ಮಾರ್ಚಿಯಲ್ಲಿ ಒಂದು ಜನಪ್ರಿಯ ಪತ್ರಿಕೆಯಲ್ಲಿ ಲೇಖನ ಬಂದ ಮೇಲೆ ಆ ವರ್ಷದ ಕೊನೆಗೆ ಸದಸ್ಯರು ಎರಡು ಸಾವಿರದಿಂದ ಎಂಟು ಸಾವಿರಕ್ಕೆ ಏರಿದರು. ಭಾರತದಲ್ಲಿ ಅದು ೧೯೫೭ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಮಾದಕವಸ್ತುಗಳ ವ್ಯಸನಿಗಳಿಗಾಗಿ ಇದೇ ಮಾದರಿಯ ಇನ್ನೊಂದು ಸಂಘ ೧೯೫೩ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿತು.

೧೯೬೧ರ ಜನವರಿಯಲ್ಲಿ ಬಿಲ್ ವಿಲ್ಸನ್ ಯೂಂಗ್ ಅವರಿಗೆ ಕೃತಜ್ಞತೆಯ ಪತ್ರ ಬರೆದನು. ಒಂದು ವಾರದಲ್ಲಿ ಉತ್ತರ ಬಂತು. ಅದೇ ಜೂನಿನಲ್ಲಿ ಯೂಂಗ್ ತೀರಿಕೊಂಡರು. ಹಜಾರ್ಡನ ಮದ್ಯದ ಹಂಬಲವು ಪೂರ್ಣತೆಗಾಗಿ ಆತ್ಮ ಪಡುವ ಬಾಯಾರಿಕೆಯ ಕೆಳಮಟ್ಟದ ರೂಪವೆಂದು ತಾನು ಆಗಲೇ ಭಾವಿಸಿದ್ದೆನೆಂದೂ, ಜನ ತಪ್ಪು ತಿಳಿದಾರೆಂದು ಹೇಳಲು ಹಿಂಜರಿದೆನೆಂದೂ ಆ ಪತ್ರದಲ್ಲಿ ತಿಳಿಸಿದರು. ಲ್ಯಾಟಿನ್ ಭಾಷೆಯಲ್ಲಿ ಮದ್ಯಕ್ಕೂ ಆತ್ಮಕ್ಕೂ ಒಂದೇ ಶಬ್ದವಿರುವುದನ್ನು ನೆನಪಿಸಿ, ಒಂದನ್ನು ಇನ್ನೊಂದರಿಂದಲೇ ಎದುರಿಸಬೇಕೆಂಬ ಸೂತ್ರವನ್ನು ಕೊಟ್ಟರು.

ಈ ಸೂತ್ರವನ್ನು ಕನ್ನಡದ ಸಾಹಿತ್ಯಾಭ್ಯಾಸಿಗಳು ತಮ್ಮ ಪರಂಪರೆಯಲ್ಲಿ ಬಹಳ ಹಿಂದೆಯೇ ಕಾಣಬಲ್ಲರು. ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಹೆಂಡದ ಮಾರಯ್ಯನೂ ಒಬ್ಬನು. ಹೆಂಡವನ್ನು ಮಾರುವುದೇ ಅವನ ಕಾಯಕ. ‘ಧರ್ಮೇಶ್ವರಲಿಂಗ’ ಅವನ ಅಂಕಿತ. ಅವನ ವಚನಗಳಲ್ಲಿ ವೃತ್ತಿಯ ಪರಿಭಾಷೆಯೇ ತತ್ತ್ವದ ಪರಿಭಾಷೆಯಾಗಿ ಮಾರ್ಪಟ್ಟಿದೆ. ಅಮಲಿನ ಅಂಗಡಿಯ ಬಾಗಿಲಲ್ಲಿಯೇ ನಿಂತು ಅಮಲನ್ನು ಇಳಿಸುವ ಮಾತಾಡಿದವನು ಅವನು. ಅವನನ್ನು ಶರಣರು ಹೊರಗಿಡಲಿಲ್ಲವೆಂಬ ಅಂಶ ಸಣ್ಣದಲ್ಲ. ಪದಾರ್ಥವು ಪ್ರಸಾದವಾಗಬೇಕೆಂಬ ಅರ್ಪಿತದ ತತ್ತ್ವವನ್ನೂ ಇಲ್ಲಿ ನೆನೆಯಬಹುದು. ಲಿಂಗಕ್ಕೆ ಅರ್ಪಿಸದುದನ್ನು ಭಕ್ತನು ಸೇವಿಸಲಾರನು. ಹಾಗಾದರೆ ಬಾಯಿಗೆ ಹೋಗುವ ಪ್ರತಿಯೊಂದರ ಮುಂದೆ ಒಂದು ಕ್ಷಣದ ಎಚ್ಚರ ನಿಲ್ಲುತ್ತದೆ. ವ್ಯಸನಿಯಲ್ಲಿ ನಾಶವಾಗಿರುವುದು ಆ ಒಂದು ಕ್ಷಣವೇ.

ಆಧುನಿಕ ಮನಶ್ಶಾಸ್ತ್ರ ಆ ಕ್ಷಣವನ್ನೇ ಬೆಳೆಸಲು ಯತ್ನಿಸುತ್ತಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಲನ್ ಮಾರ್ಲಟ್ ಅವರು ಬೌದ್ಧರ ವಿಪಶ್ಯನ ಧ್ಯಾನದಿಂದ ಪ್ರೇರಣೆ ಪಡೆದು, ಕುಡಿಯಬೇಕೆಂಬ ತುಡಿತವನ್ನು ಅದುಮದೆ, ಅದಕ್ಕೆ ಮಣಿಯದೆ, ಅಲೆ ಏರಿ ಇಳಿಯುವುದನ್ನು ನೋಡುವಂತೆ ಸಾಕ್ಷಿಯಾಗಿ ನೋಡುವ ಅಭ್ಯಾಸವನ್ನು ರೂಪಿಸಿದರು. ತುಡಿತಕ್ಕೆ ಶಿಖರವಿದೆ, ಇಳಿಜಾರೂ ಇದೆ. ವ್ಯಸನಿಯು ಶಿಖರದಲ್ಲಿಯೇ ಕುಡಿದುಬಿಡುವುದರಿಂದ ಇಳಿಜಾರನ್ನು ಎಂದೂ ಕಂಡಿರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಡೆದು ೨೦೦೬ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಗಮನಾರ್ಹ. ಅರುವತ್ತು ಮಂದಿ ಪಾನವ್ಯಸನಿಗಳಿಗೆ ಮೊದಲು ಒಂದು ವಾರ ವಿಷನಿವಾರಣೆಯ ಚಿಕಿತ್ಸೆ ಕೊಟ್ಟು, ಬಳಿಕ ಅರ್ಧದಷ್ಟು ಜನರಿಗೆ ಎರಡು ವಾರ ಸುದರ್ಶನಕ್ರಿಯೆ ಎಂಬ ಉಸಿರಾಟದ ಅಭ್ಯಾಸವನ್ನು ಕಲಿಸಲಾಯಿತು. ಅಭ್ಯಾಸ ಮಾಡಿದವರಲ್ಲಿ ಖಿನ್ನತೆಯೂ ರಕ್ತದಲ್ಲಿನ ಕಾರ್ಟಿಸಾಲ್ ಎಂಬ ಒತ್ತಡದ ಸ್ರಾವವೂ ಹೆಚ್ಚಾಗಿ ತಗ್ಗಿದವು. ಆದರೆ ಎರಡು ವಾರದ ಅಧ್ಯಯನ ಖಿನ್ನತೆಯ ಬಗೆಗೆ ಹೇಳಬಲ್ಲದೇ ಹೊರತು, ಅವರು ವರ್ಷದ ಮೇಲೂ ಕುಡಿಯದೆ ಉಳಿದರೆಂದು ಅದರಿಂದ ಸಾಧಿಸಲಾಗದು. ಯೋಗದ ಪ್ರಚಾರಕರು ಈ ಭೇದವನ್ನು ಮರೆಯುವುದುಂಟು.

ಮೊದಲ ವಾರದ ಚಿಕಿತ್ಸೆಯ ಮಾತನ್ನು ಮಾತ್ರ ಎಷ್ಟು ಒತ್ತಿ ಹೇಳಿದರೂ ಹೆಚ್ಚಲ್ಲ. ದೀರ್ಘಕಾಲ ವಿಪರೀತ ಕುಡಿದವನ ಮೆದುಳು ಮದ್ಯದ ಶಮನಶಕ್ತಿಗೆ ಹೊಂದಿಕೊಂಡು, ಅದಕ್ಕೆ ಪ್ರತಿಯಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತರೆ ತೂಕದ ಒಂದು ತಟ್ಟೆ ಬರಿದಾಗಿ ಇನ್ನೊಂದು ಕುಸಿದಂತೆ ಉದ್ರೇಕವೇ ಮೇಲುಗೈಯಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂತಹ ಸೆಳೆತಗಳು ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ನಡುಕ, ಜ್ವರ, ಭ್ರಾಂತಿಗಳಿಂದ ಕೂಡಿದ ಸನ್ನಿ ತಲೆದೋರಬಹುದು. ಚಿಕಿತ್ಸೆಯಿಲ್ಲದಿದ್ದರೆ ಅದು ಪ್ರಾಣಾಂತಿಕ. ಥಯಮಿನ್ ಎಂಬ ಬಿ-೧ ಜೀವಸತ್ವದ ಕೊರತೆಯಿಂದ ಮೆದುಳು ಶಾಶ್ವತವಾಗಿ ಕೆಡಬಹುದು. ಆದ್ದರಿಂದ ಜಾತ್ರೆಯಲ್ಲಿಯೋ ಶಿಬಿರದಲ್ಲಿಯೋ ಗುರುಗಳ ಮುಂದೆ ಆಣೆಯಿಟ್ಟು ಮನೆಗೆ ಮರಳಿದ ಭಾರಿ ಕುಡುಕನು ಮೂರನೆಯ ದಿನ ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಕಾಣತೊಡಗಿದರೆ, ಅದು ದೆವ್ವದ ಕಾಟವೂ ಅಲ್ಲ, ಅವನ ಭಕ್ತಿಯ ಕೊರತೆಯೂ ಅಲ್ಲ. ಅವನನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಫೀಮು, ಹೆರಾಯಿನ್‌ಗಳ ವಿಷಯದಲ್ಲಿ ಅಪಾಯ ಇನ್ನೊಂದು ಬಗೆಯದು. ಕೆಲವು ವಾರ ಬಿಟ್ಟವನ ದೇಹ ಹಿಂದಿನ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಮತ್ತೆ ಅಷ್ಟನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಇಂಥವರಿಗೆ ಮೆಥಡೋನ್, ಬ್ಯುಪ್ರೆನಾರ್ಫಿನ್‌ಗಳಂತಹ ಔಷಧಗಳು ಸಾವನ್ನು ತಪ್ಪಿಸುತ್ತವೆ. ಔಷಧ ಸೇವಿಸುವವನು ಇನ್ನೂ ವ್ಯಸನಿಯೇ ಎಂದು ಹಳಿಯುವ ಆಧ್ಯಾತ್ಮಿಕರು ಒಂದು ಸಂಗತಿಯನ್ನು ಅರಿಯಬೇಕು: ಮೆಥಡೋನ್ ಚಿಕಿತ್ಸೆಯ ಪ್ರವರ್ತಕರಾದ ಡಾ. ವಿನ್ಸೆಂಟ್ ಡೋಲ್ ಅವರು ಅನಾಮಿಕ ಪಾನವ್ಯಸನಿಗಳ ಸಂಘದ ವಿಶ್ವಸ್ತರಲ್ಲೊಬ್ಬರಾಗಿದ್ದರು. ಕುಡುಕರಿಗೂ ಅಂತಹದೊಂದು ಔಷಧವನ್ನು ಹುಡುಕಬಾರದೇ ಎಂದು ಬಿಲ್ ವಿಲ್ಸನ್ನನೇ ಅವರನ್ನು ಕೇಳಿಕೊಂಡಿದ್ದನು.

ಸಂಘದ ಸಾಧನಕ್ರಮ ನಿಜವಾಗಿ ಫಲಿಸುತ್ತದೆಯೇ ಎಂಬ ಪ್ರಶ್ನೆ ಬಹುಕಾಲ ನಂಬಿಕೆ ಅಪನಂಬಿಕೆಗಳ ಜಗಳವಾಗಿತ್ತು. ೨೦೨೦ರಲ್ಲಿ ಕಾಕ್ರನ್ ಸಂಸ್ಥೆಯ ಸಮೀಕ್ಷೆಯೊಂದು ೧೦,೫೬೫ ಜನರನ್ನೊಳಗೊಂಡ ೨೭ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ವ್ಯವಸ್ಥಿತವಾಗಿ ಸಂಘದ ಕಡೆಗೆ ಒಯ್ಯುವ ಚಿಕಿತ್ಸೆಯು, ಎಡೆಬಿಡದೆ ಪಾನವರ್ಜನೆಯಲ್ಲಿ ಉಳಿಯುವ ಮಟ್ಟಿಗೆ, ಇತರ ಮಾನ್ಯ ಚಿಕಿತ್ಸೆಗಳಿಗಿಂತ ಹೆಚ್ಚು ಫಲಕಾರಿ. ಉಳಿದ ಮಾನದಂಡಗಳಲ್ಲಿ ಅವುಗಳಿಗೆ ಸಮಾನ ಎಂಬುದು ಅದರ ನಿರ್ಣಯ. ಇದರಲ್ಲಿ ದೇವರ ಪಾಲೆಷ್ಟು, ಸಂಗದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಬಹುಶಃ ಬಿಡಿಸಬೇಕಾಗಿಯೂ ಇಲ್ಲ. ಶರಣರ ಗೋಷ್ಠಿಯಲ್ಲಿ ಸಂಗವೂ ಲಿಂಗವೂ ಬೇರೆಯಾಗಿರಲಿಲ್ಲ.

ಕರ್ನಾಟಕದಲ್ಲಿ ಈ ದಿಸೆಯ ಅತ್ಯಂತ ಸ್ವೋಪಜ್ಞವಾದ ಪ್ರಯತ್ನ ಇಳಕಲ್ಲಿನ ಚಿತ್ತರಗಿ ಶ್ರೀ ವಿಜಯ ಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳದು. ೧೯೭೫ರಲ್ಲಿ ಅವರು ಆರಂಭಿಸಿದ ‘ಮಹಾಂತ ಜೋಳಿಗೆ’ ಆ ಭಾಗದಲ್ಲಿ ಮನೆಮಾತಾಗಿದೆ. ಜಂಗಮನ ಜೋಳಿಗೆ ಕಾಳಿಗೆ, ಕಾಣಿಕೆಗೆ ಚಾಚುವುದು ವಾಡಿಕೆ. ಈ ಜೋಳಿಗೆ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿತು. ಸ್ವಾಮಿಗಳು ಓಣಿಓಣಿಗೆ ತೆರಳಿ, ಜಾತಿಭೇದವೆಣಿಸದೆ, ಕುಡಿತವನ್ನೂ ತಂಬಾಕನ್ನೂ ಜೋಳಿಗೆಗೆ ಹಾಕಿರೆಂದು ಕೇಳಿದರು. ೨೦೧೮ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ ರಾಜ್ಯದಲ್ಲಿ ‘ವ್ಯಸನಮುಕ್ತ ದಿನ’ವೆನಿಸಿದೆ.

ಈ ಜೋಳಿಗೆಯ ಮರ್ಮವೇನು? ಕುಡುಕನನ್ನು ಹೆಂಡತಿ ಬಯ್ಯುತ್ತಾಳೆ, ಸಾಲಿಗ ಬಯ್ಯುತ್ತಾನೆ, ಊರು ನಗುತ್ತದೆ. ಅವನ ಬಳಿ ಯಾರೂ ಏನನ್ನೂ ಬೇಡುವುದಿಲ್ಲ, ಏಕೆಂದರೆ ಕೊಡಲು ಅವನಲ್ಲಿ ಏನೂ ಉಳಿದಿಲ್ಲ. ಅಂಥವನ ಬಾಗಿಲಿಗೆ ಗುರುವೇ ಭಿಕ್ಷುಕನಾಗಿ ಬಂದು ನಿಂತಾಗ ಅವನು ದಾನಿಯಾಗುತ್ತಾನೆ. ಪಾಪಿಯೆಂದು ಕರೆದು ಪಶ್ಚಾತ್ತಾಪವನ್ನು ಕೇಳುವುದಕ್ಕೂ, ದಾನಿಯೆಂದು ಕರೆದು ದಾನವನ್ನು ಕೇಳುವುದಕ್ಕೂ ಆಕಾಶಭೂಮಿಯ ಅಂತರವಿದೆ.

ಆದರೂ ಆಕ್ರನ್ನಿನ ಸಂಘಕ್ಕೂ ಇಳಕಲ್ಲಿನ ಜೋಳಿಗೆಗೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಅಲ್ಲಿ ಹೆಸರಿಲ್ಲ, ಇಲ್ಲಿ ಊರೇ ಸಾಕ್ಷಿ. ಬಹಿರಂಗ ಪ್ರತಿಜ್ಞೆ ಮಾನದ ಬಲದಿಂದ ಮನುಷ್ಯನನ್ನು ಎತ್ತಿ ಹಿಡಿಯುತ್ತದೆ. ಕೊಟ್ಟ ಮಾತು ಮುರಿದಾಗ ಅದೇ ಮಾನ ಅವನನ್ನು ಕೆಳಕ್ಕೆ ತಳ್ಳುತ್ತದೆ. ಮಾರ್ಲಟ್ ಅವರು ಗುರುತಿಸಿದ ಇನ್ನೊಂದು ತತ್ತ್ವ ಇಲ್ಲಿ ಅನ್ವಯಿಸುತ್ತದೆ. ಬಿಟ್ಟವನು ಒಮ್ಮೆ ಒಂದು ಲೋಟ ಕುಡಿದನೆನ್ನೋಣ. ಆ ಲೋಟಕ್ಕಿಂತ, ‘ವ್ರತ ಕೆಟ್ಟಿತು, ಇನ್ನು ಉಳಿದದ್ದೇನು’ ಎಂಬ ಭಾವನೆಯೇ ಅವನನ್ನು ಸಂಪೂರ್ಣ ಪತನಕ್ಕೆ ಒಯ್ಯುತ್ತದೆ. ದೇವರ ಮುಂದೆ ಆಣೆಯಿಟ್ಟವನಿಗೆ ಈ ಭಾವನೆ ಇಮ್ಮಡಿ. ಮಠದ ಬಾಗಿಲಿಗೆ ಮುಖ ತೋರಿಸಲು ಅವನು ಅಂಜುತ್ತಾನೆ. ಸಹಾಯ ಅತ್ಯಂತ ಬೇಕಾದ ದಿನವೇ ಸಹಾಯದಿಂದ ತಪ್ಪಿಸಿಕೊಂಡು ತಿರುಗುತ್ತಾನೆ. ಮರುಕಳಿಸುವುದು ಈ ರೋಗದ ಸ್ವಭಾವವೆಂದು ವೈದ್ಯರು ಹೇಳುತ್ತಾರೆ. ಹಾಗಿದ್ದಲ್ಲಿ ಜೋಳಿಗೆ ಎರಡನೆಯ ಸಲವೂ, ಹತ್ತನೆಯ ಸಲವೂ ಅದೇ ಬಾಗಿಲಲ್ಲಿ ಚಾಚಬೇಕಾಗುತ್ತದೆ. ಪ್ರತಿಜ್ಞೆ ಕೊಡಿಸುವ ದಿನವೇ, ಜಾರಿದರೆ ಮರುದಿನ ಬೆಳಗ್ಗೆ ಯಾರ ಮನೆಗೆ ಬರಬೇಕೆಂಬುದನ್ನೂ ಹೇಳಿ ಕಳಿಸಬೇಕಾಗುತ್ತದೆ. ವ್ರತಭಂಗಕ್ಕೆ ಕಠಿಣವಾದ ಮಾತುಗಳನ್ನು ಶರಣರೂ ಆಡಿದ್ದಾರೆ, ನಿಜ. ಅವು ನಿಷ್ಠೆಯ ಸ್ಥಲದಲ್ಲಿ ನಿಂತವರು ತಮಗೆ ತಾವೇ ಹೇಳಿಕೊಂಡ ಮಾತುಗಳು. ಜ್ವರದಲ್ಲಿ ಬೇಯುವವನ ಮೇಲೆ ಅವನ್ನು ಎಸೆಯುವುದು ಆ ಸಾಹಿತ್ಯವನ್ನು ತಪ್ಪಾಗಿ ಓದಿದಂತೆ.

ಬಿಲ್ ವಿಲ್ಸನ್ ೧೯೭೧ರ ಜನವರಿಯಲ್ಲಿ ತೀರಿಕೊಂಡನು. ಮದ್ಯವನ್ನು ಗೆದ್ದವನನ್ನು ಕೊನೆಗೆ ಹೊಗೆಬತ್ತಿಯ ಚಟದಿಂದ ಬಂದ ಶ್ವಾಸಕೋಶದ ರೋಗ ಒಯ್ದಿತು. ಅವನಿಗೆ ಮೊದಲ ಸಂದೇಶವನ್ನು ತಂದ ಎಬಿ ಥ್ಯಾಚರ್‌ನ ಗತಿ ಇನ್ನೂ ವಿಚಿತ್ರ. ಸಂಘದ ಬೀಜವನ್ನು ಬಿತ್ತಿದ ಆತನೇ ಮತ್ತೆಮತ್ತೆ ಕುಡಿತಕ್ಕೆ ಬಿದ್ದನು. ವರ್ಷಗಟ್ಟಲೆ ಬಿಟ್ಟು, ಮತ್ತೆ ಹಿಡಿದನು. ಬಿಲ್ ಕೊನೆಯವರೆಗೂ ಅವನನ್ನು ತನ್ನ ಮಾರ್ಗದರ್ಶಕನೆಂದೇ ಕರೆದನು, ಅವನ ಜೀವನನಿರ್ವಹಣೆಗೆ ಹಣ ಒದಗಿಸುತ್ತಿದ್ದನು. ನ್ಯೂಯಾರ್ಕ್ ಪ್ರಾಂತದ ಒಂದು ಹಳ್ಳಿಯ ತೋಟದ ಮನೆಯಲ್ಲಿ, ಅಲ್ಲಿಯವರ ಆರೈಕೆಯಲ್ಲಿ ಸುಮಾರು ಎರಡು ವರ್ಷ ಮದ್ಯ ಮುಟ್ಟದೆ ಇದ್ದು, ಎಬಿ ೧೯೬೬ರ ಮಾರ್ಚಿಯಲ್ಲಿ ಕಣ್ಣುಮುಚ್ಚಿದನು.